ಲೆಹ್ಮಿಸಲ್ಮಿಯಲ್ಲಿ ಮೀನಿಲ್ಲ

ಮಂಜುಗಡ್ಡೆಯ ಮೇಲೆ ಕೂತು ಮೀನು ಹಿಡಿಯುವುದು ಹೇಗೆಂದು ಎರಡು ಚಳಿಗಾಲ ಊರಿಗೆಲ್ಲ ಪಾಠ ಹೇಳಿದ ಮೇಲೆ ನಾನು ಮೊದಲ ಸಲ ಮಂಜುಗಡ್ಡೆಯ ಮೇಲೆ ಕಾಲಿಟ್ಟೆ. ಇಟ್ಟ ಕಾಲು ಐವತ್ತು ಹೆಜ್ಜೆಯೊಳಗೆ ನೀರು ಕಂಡಿತು. ಕಾಲೊಂದೇ ಅಲ್ಲ, ಕುತ್ತಿಗೆಯೂ ಕಂಡಿತು. ಇದನ್ನು ನಾನೇ ಹೇಳಿಬಿಡುವುದು ಒಳ್ಳೆಯದು. ಊರಿನವರ ಬಾಯಲ್ಲಿ ಕೇಳಿದರೆ ನೀರು ಇನ್ನೂ ಆಳವಾಗಿರುತ್ತದೆ.

ಈ ಕೆಲಸವನ್ನು ನನ್ನ ತಲೆಗೆ ಕಟ್ಟಿದವಳು ನಮ್ಮ ಸಂಪಾದಕಿ ಪಿರ್ಯೊ. ನಮ್ಮದು ಮಂಗಳವಾರ, ಶುಕ್ರವಾರ ಮಾತ್ರ ಬರುವ ಸಣ್ಣ ಪತ್ರಿಕೆ. ಅದರಲ್ಲಿ ನಾನು ಪುರಸಭೆಯ ಸಭೆ, ಸತ್ತವರ ಸುದ್ದಿ ಮತ್ತು ಚರ್ಚಿನ ಸಂಗೀತ ಕಛೇರಿ ಬರೆಯುತ್ತಿದ್ದೆ. ಮೂರಕ್ಕೂ ಹೆಚ್ಚುಕಡಿಮೆ ಒಂದೇ ಭಾಷೆ ಸಾಕಾಗುತ್ತಿತ್ತು. ಒಂದು ಜನವರಿಯಲ್ಲಿ ಪಿರ್ಯೊ ನನ್ನ ಮೇಜಿನ ಮುಂದೆ ಬಂದು ನಿಂತಳು.

"ಐಮೊ, ಊರೋರೆಲ್ಲ ಸರೋವರದ ಮೇಲೇ ಬಿದ್ದಿದಾರೆ. ಪೇಪರ್ ಓದೋಕೆ ಮನೇಲಿ ಯಾರೂ ಇಲ್ಲ. ಮೀನು ಹಿಡಿಯೋದ್ರ ಬಗ್ಗೆ ಏನಾದ್ರೂ ಬರಿ. ಹೊಸಬರಿಗೆ ಅರ್ಥ ಆಗೋ ಹಾಗೆ."

"ನಂಗೆ ಮೀನು ಗೊತ್ತಿರೋದು ತಟ್ಟೇಲಿ ಮಾತ್ರ."

"ಅರ್ಧ ಗೊತ್ತಿದೆಯಲ್ಲ, ಸಾಕು."

ನಾನು ಹೆಲ್ಸಿಂಕಿಯ ಟ್ರಾಮ್ ಹಳಿಯ ಪಕ್ಕ ಹುಟ್ಟಿ ಬೆಳೆದವನು. ಈ ಸಾವೊ ಸೀಮೆಗೆ ಬಂದು ಹನ್ನೊಂದು ವರ್ಷವಾಗಿದ್ದರೂ ಸರೋವರವನ್ನು ಕಿಟಕಿಯಿಂದಲ್ಲದೆ ನೋಡಿರಲಿಲ್ಲ. ಆದರೂ ಗ್ರಂಥಾಲಯದಿಂದ ಮೂರು ಪುಸ್ತಕ ತಂದೆ, ಮೂರನ್ನೂ ಕಲಸಿದೆ, ಕೆಳಗೆ 'ಹಳೇ ಗಾಳ' ಎಂದು ಸಹಿ ಹಾಕಿದೆ. ಪುಸ್ತಕದ ಬದನೆಕಾಯಿ ಎನ್ನುತ್ತಾರಲ್ಲ, ಅದನ್ನು ನಾನು ವಾರಕ್ಕೊಂದರಂತೆ ಬೆಳೆದು ಊರಿಗೆ ಹಂಚಿದೆ.

ಬರಹ ಮಾತ್ರ ಬಹಳ ಗತ್ತಿನದಾಗಿತ್ತು. "ಬೈರಿಗೆಯ ಅಲಗನ್ನು ಒರೆಸದೆ ಚೀಲಕ್ಕೆ ಹಾಕುವವನು ಹಲ್ಲುಜ್ಜದೆ ಮಲಗುವವನಿಗೆ ಸಮ. ಒದ್ದೆ ಅಲಗು ಹೆಪ್ಪುಗಟ್ಟಿದರೆ ಮುಂದಿನ ತೂತು ಕೊರೆಯುವುದಿಲ್ಲ." "ಹುಳುವಿನ ಡಬ್ಬಿ ಎದೆಯ ಜೇಬಿನಲ್ಲಿರಲಿ. ನಿಮಗೆ ಚಳಿಯಾದರೂ ಹುಳುವಿಗೆ ಆಗಕೂಡದು." "ಐದೈದು ಹೆಜ್ಜೆಗೊಮ್ಮೆ ಹಾರೆಯಿಂದ ಕುಟ್ಟಿ ನೋಡಿ. ಒಂದೇ ಏಟಿಗೆ ನೀರು ಬಂದರೆ ಬಂದ ದಾರಿಯಲ್ಲೇ ವಾಪಸಾಗಿ, ವಾದ ಮಾಡಬೇಡಿ." "ಎಲ್ಲಕ್ಕಿಂತ ಮೊದಲು ಕೊಳ್ಳಬೇಕಾದದ್ದು ಮೊಳೆಹಿಡಿಗಳು." ಎರಡು ಮರದ ಹಿಡಿ, ತುದಿಗೆ ಒಂದೊಂದು ಚೂಪು ಮೊಳೆ, ನಡುವೆ ದಾರ; ಕೊರಳಿಗೆ ಹಾಕಿಕೊಂಡಿರಬೇಕು. ಬಿದ್ದಾಗ ಅದನ್ನು ಗಡ್ಡೆಗೆ ಚುಚ್ಚಿ ಮೇಲೆ ಬರಬೇಕು. "ಹೆಂಡತಿ ಕೊಟ್ಟ ಉಂಗುರ ಮರೆತರೂ ಚಿಂತೆಯಿಲ್ಲ, ಇದನ್ನು ಮರೆಯಬೇಡಿ" ಎಂದು ಬರೆದೆ. ನನಗೆ ಹೆಂಡತಿಯೂ ಇರಲಿಲ್ಲ, ಉಂಗುರವೂ ಇರಲಿಲ್ಲ.

ಬರೆಯುತ್ತಾ ಬರೆಯುತ್ತಾ ನನಗೇ ನನ್ನ ಮೇಲೆ ನಂಬಿಕೆ ಬಂದುಬಿಟ್ಟಿತು. ಸಾಮಾನೆಲ್ಲ ಕೊಂಡೆ. ಬೈರಿಗೆ, ಹಾರೆ, ತೂತಿನೊಳಗಿನ ಹಿಮದ ಪುಡಿ ತೆಗೆಯುವ ತೂತುಸೌಟು, ಗೇಣುದ್ದದ ಗಾಳದ ಕೋಲು ನಾಲ್ಕು, ಕೂತರೆ ಮಣೆ ಹೊತ್ತರೆ ಚೀಲ ಆಗುವ ಪೀಠ, ಕರಡಿಗೂ ಸಡಿಲವಾಗುವಂಥ ದಪ್ಪ ಉಡುಪು. ಎಲ್ಲವನ್ನೂ ಬಾಗಿಲ ಹತ್ತಿರ, ಅಂಚೆಯವನಿಗೆ ಕಾಣುವ ಹಾಗೆ ಜೋಡಿಸಿಟ್ಟೆ. ಒಂದರ ಮೇಲಿನ ಬೆಲೆಚೀಟಿಯನ್ನೂ ಕಿತ್ತಿರಲಿಲ್ಲ.

ಎರಡನೆಯ ಚಳಿಗಾಲದ ಫೆಬ್ರವರಿಯಲ್ಲಿ ಪಿರ್ಯೊ ಹೇಳಿದಳು: "ಸಾಮಾನಿನ ಕತೆ ಸಾಕು. ಜನ ಎಲ್ಲಿಗೆ ಹೋಗ್ಬೇಕು ಅಂತ ಬರಿ."

ಜಾಗ ಪುಸ್ತಕದಲ್ಲಿ ಇರುವುದಿಲ್ಲ. ಹಾಗಾಗಿ ಪೆಟ್ರೋಲ್ ಬಂಕಿನ ಕಾಫಿ ಅಂಗಡಿಗೆ ಹೋಗಿ ಕೂತೆ. ಮೀನುಗಾರರೆಲ್ಲ ಅಲ್ಲಿ ಸೇರುತ್ತಾರೆ. ಅವತ್ತು ಕಲೆರ್ವೊ ಬಂದಿದ್ದ. ಎಪ್ಪತ್ತೊಂಬತ್ತು ವರ್ಷದ ಮುದುಕ, ಹಿಮದಲ್ಲಿ ಕಾಣಬಾರದೆಂದು ಚಳಿಗಾಲವೆಲ್ಲ ಬಿಳಿ ಮೇಲಂಗಿ ತೊಡುವವನು. ಅವನ ಚೀಲದಲ್ಲಿ ಯಾವಾಗಲೂ ಅಹ್ವೆನ್ ಮೀನು ಇರುತ್ತಿದ್ದವು. ಪಟ್ಟೆ ಪಟ್ಟೆಯ, ಬೆನ್ನ ಮೇಲೆ ಮುಳ್ಳಿರುವ, ಒಂದೊಂದೂ ಮೊಣಕೈಯುದ್ದದವು. ನಲವತ್ತು ವರ್ಷದಿಂದ ಅವನು ಅವನ್ನು ಎಲ್ಲಿ ಹಿಡಿಯುತ್ತಾನೆಂದು ಯಾರಿಗೂ ಗೊತ್ತಿರಲಿಲ್ಲ.

"ಕಲೆರ್ವೊ, ಎಲ್ಲಿ ಸಿಕ್ಕಿದ್ವು ಇವು?" ಎಂದು ನಾನು ಎಲ್ಲರೆದುರೇ ಕೇಳಿದೆ.

ಮುದುಕ ಕಾಫಿಯಲ್ಲಿ ಸಕ್ಕರೆ ಕರಗುವವರೆಗೆ ಕಲಕಿದ.

"ಲೆಹ್ಮಿಸಲ್ಮಿ" ಎಂದ.

ಸುತ್ತ ಕೂತವರು ಕಪ್ಪಿನೊಳಗೆ ನೋಡಿಕೊಂಡು ಮುಸಿಮುಸಿ ನಕ್ಕರು. ಅದು ಮೆಚ್ಚುಗೆಯ ನಗು ಎಂದುಕೊಂಡೆ. ಮನೆಗೆ ಹೋಗಿ ನಕ್ಷೆ ಬಿಡಿಸಿದೆ. ಲೆಹ್ಮಿಸಲ್ಮಿ ಎಂದರೆ ನಮ್ಮ ಸರೋವರದ ಎರಡು ಹೊಟ್ಟೆಗಳನ್ನು ಕೂಡಿಸುವ ಸೊಂಟ. ಮೇಲೆ ರಸ್ತೆಯ ಸೇತುವೆ, ಪಕ್ಕದಲ್ಲೇ ಕಾರು ನಿಲ್ಲಿಸಲು ಜಾಗ. ಎಷ್ಟು ಅನುಕೂಲ! ಶುಕ್ರವಾರದ ಪತ್ರಿಕೆಯಲ್ಲಿ ಬರೆದೆ: "ಹೊಸಬರಿಗೆ ಲೆಹ್ಮಿಸಲ್ಮಿಯಂಥ ಜಾಗ ಇನ್ನೊಂದಿಲ್ಲ. ಕಿರಿದಾದಲ್ಲಿ ಮೀನು ಒತ್ತೊತ್ತಾಗಿ ಸಾಗುತ್ತವೆ." ನೀರು ಹರಿಯುವ ಕಡೆ ಗಡ್ಡೆ ತೆಳುವಾಗಿರುತ್ತದೆಂದು ಹೋದ ವರ್ಷ ನಾನೇ ಬರೆದಿದ್ದೆ. ಬರೆದವನು ತನ್ನ ಬರಹವನ್ನು ಓದಲೇಬೇಕೆಂಬ ನಿಯಮ ನಮ್ಮ ಪತ್ರಿಕೆಯಲ್ಲಿ ಇರಲಿಲ್ಲ.

ಶನಿವಾರ ಫೋನು ಬಂತು. ಚರ್ಚಿನಲ್ಲಿ ಆರ್ಗನ್ ನುಡಿಸುವ ಹಿಲ್ಕಾ. ಹಳೇ ಗಾಳ ಯಾರೆಂದು ಪಿರ್ಯೊ ಬಿಟ್ಟರೆ ಅವರೊಬ್ಬರಿಗೇ ಗೊತ್ತಿತ್ತು. ಒಮ್ಮೆ ಕಛೇರಿ ಮುಗಿದ ಮೇಲೆ ಅವರಿಗೆ ಮೆಚ್ಚುಗೆಯಾಗಲೆಂದು ನಾನೇ ಬಾಯಿಬಿಟ್ಟಿದ್ದೆ. ಐವತ್ತು ದಾಟಿದವರು, ಗಂಡ ತೀರಿಕೊಂಡು ಆರು ವರ್ಷವಾಗಿತ್ತು. ಅವರು ನುಡಿಸುವ ಭಾನುವಾರಗಳಲ್ಲಿ ನನಗೆ ದೈವಭಕ್ತಿ ಜಾಸ್ತಿಯಾಗುತ್ತಿತ್ತು. ಇದಕ್ಕಿಂತ ಹೆಚ್ಚು ಬಿಡಿಸಿ ಹೇಳಲು ನಾಚಿಕೆ.

"ಐಮೊ ಅವ್ರೇ, ನಿಮ್ಮ ಒಂದೊಂದು ಬರಹಾನೂ ಕತ್ತರಿಸಿ ಇಟ್ಕೊಂಡಿದೀನಿ. ನೀವು ಹೇಳಿದ್ದೆಲ್ಲ ತಗೊಂಡೆ. ನಾಳೆ ಪ್ರಾರ್ಥನೆ ಮುಗಿಸ್ಕೊಂಡು ಹಾಗೇ ಲೆಹ್ಮಿಸಲ್ಮಿಗೆ ಹೋಗ್ತೀನಿ. ನೀವೂ ಬಂದ್ರೆ ಚೆನ್ನಾಗಿತ್ತು, ಮೊದಲನೇ ಸಲ ನೋಡಿ."

ನನಗೂ ಮೊದಲನೇ ಸಲ ಎಂದು ಹೇಳಬಹುದಿತ್ತು. ನಾಲಿಗೆ ತುದಿವರೆಗೆ ಬಂದಿತ್ತು.

"ಬೆನ್ನು ಹಿಡ್ಕೊಂಡಿದೆ. ಮೂವತ್ತು ವರ್ಷ ಗಡ್ಡೆ ಮೇಲೆ ಬಗ್ಗಿ ಬಗ್ಗಿ..." ಎಂದೆ.

"ಅಯ್ಯೋ ಪಾಪ," ಎಂದರು ಹಿಲ್ಕಾ, ಮನಸಾರೆ.

ಭಾನುವಾರ ಮಧ್ಯಾಹ್ನ ಹಿಡಿದುಕೊಳ್ಳದ ಬೆನ್ನನ್ನು ಹೊತ್ತುಕೊಂಡು ಕಾಫಿ ಅಂಗಡಿಗೆ ಹೋದೆ. ನಾಲ್ಕೈದು ಜನ ಶುಕ್ರವಾರದ ಪತ್ರಿಕೆ ಹಿಡಿದು ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದರು. ಕಲೆರ್ವೊ ಕೂಡ.

"ಈ ಹಳೇ ಗಾಳ ಯಾರೋ ಗೊತ್ತಿಲ್ಲ, ಆದ್ರೆ ಪಕ್ಕಾ ನಮ್ಮೋನು," ಎಂದ ಒಬ್ಬ. "ತನ್ನ ಜಾಗ ಮುಚ್ಚಿಟ್ಕೊಂಡು ಊರಿಗೆಲ್ಲ ಲೆಹ್ಮಿಸಲ್ಮಿ ತೋರಿಸ್ತವ್ನೆ!"

"ಯಾಕೆ? ಅಲ್ಲೇನಾಗಿದೆ?" ಎಂದೆ.

ಕಲೆರ್ವೊ ನನ್ನ ಕಡೆ ತಿರುಗಿದ. "ಸೇತುವೆ ಕೆಳಗೆ ನೀರು ಹರೀತದೆ ಕಣಯ್ಯ. ಗಡ್ಡೆ ಹಪ್ಪಳದಂಗೆ ಇರ್ತದೆ. ಅಲ್ಲಿಗೆ ಹೋದ್ರೆ ನಾವು ಮೀನು ಹಿಡಿಯಲ್ಲ, ಮೀನೇ ನಮ್ಮನ್ನ ಹಿಡೀತವೆ."

"ಆದ್ರೆ ನೀವೇ ಹೇಳಿದ್ರಲ್ಲ, ಅವತ್ತು..."

"ಜಾಗ ಕೇಳಿದ್ರೆ ಯಾರಾದ್ರೂ ನಿಜ ಹೇಳ್ತಾರಾ? ಯಾವನೂ ಹೋಗಲಾರದ ಜಾಗ ಹೇಳ್ಬೇಕು, ಅದೇ ಮರ್ಯಾದೆ. ಎಳೆಮಕ್ಕಳಿಗೂ ಗೊತ್ತು. ನಂಬೋ ದಡ್ಡ ಈ ಸೀಮೇಲಿ ಹುಟ್ಟಿಲ್ಲ."

ಅವನು ಹೇಳಿದ್ದು ನಿಜ. ಆ ದಡ್ಡ ಹುಟ್ಟಿದ್ದು ಹೆಲ್ಸಿಂಕಿಯಲ್ಲಿ. ಗೋಡೆಯ ಗಡಿಯಾರ ಹನ್ನೆರಡೂವರೆ ತೋರಿಸುತ್ತಿತ್ತು. ಪ್ರಾರ್ಥನೆ ಮುಗಿಯುವುದು ಹನ್ನೊಂದೂಕಾಲಿಗೆ.

"ಹಿಲ್ಕಾ ಅಲ್ಲಿಗೆ ಹೋಗಿದಾರೆ" ಎಂದೆ. "ಹಳೇ ಗಾಳ ನಾನೇ."

ಯಾರು ಏನಂದರೋ ಕೇಳಲು ನಿಲ್ಲಲಿಲ್ಲ. ಅರ್ಧ ಕಾಫಿ ಅಲ್ಲೇ ಬಿಟ್ಟು, ಮನೆಗೆ ನುಗ್ಗಿ, ಬಾಗಿಲಲ್ಲಿದ್ದ ಸಾಮಾನನ್ನೆಲ್ಲ ಕಾರಿಗೆ ಎಸೆದು, ಉಡುಪು ಏರಿಸಿ ಹೊರಟೆ. ಹಿಲ್ಕಾ ಮೊಬೈಲ್ ಇಟ್ಟುಕೊಂಡವರಲ್ಲ. ದಾರಿಯುದ್ದಕ್ಕೂ ನಾನು ದೇವರಿಗೆ ಹೇಳಿದ್ದು ಒಂದೇ ಮಾತು: ಅವರು ಬದುಕಿದ್ದರೆ ಸಾಕು, ನನ್ನನ್ನು ಊರು ಕತ್ತೆ ಎನ್ನಲಿ. ದೇವರು ಎರಡನ್ನೂ ನಡೆಸಿಕೊಟ್ಟ.

ಸೇತುವೆಯ ಪಕ್ಕ ಕಾರು ನಿಲ್ಲಿಸಿ ನೋಡಿದರೆ, ದೂರದ ಕೊಲ್ಲಿಯಲ್ಲಿ ಬಿಳಿಯ ನಡುವೆ ಒಂದು ನೀಲಿ ಟೋಪಿ. ಹಿಲ್ಕಾ ಕೂತಿದ್ದರು, ಜೀವಂತ. ಸುತ್ತು ದಾರಿಯಲ್ಲಿ ದಡ ಹಿಡಿದು ಹೋದರೆ ಹತ್ತು ನಿಮಿಷ. ಸೇತುವೆಯ ಕೆಳಗಿಂದ ನೇರ ಹೋದರೆ ಎರಡು ನಿಮಿಷ. ನಾನು ನೇರ ಓಡಿದೆ. ಹಾರೆ ಕಾರಿನಲ್ಲೇ ಇತ್ತು. ಅದು ಭಾರ, ಓಡಲು ತೊಡಕು.

"ಹಿಲ್ಕಾ! ಅಲ್ಲಾಡ್ಬೇಡಿ! ಅಲ್ಲೇ ಇರಿ!" ಎಂದು ಕಿರುಚಿದೆ.

ಅವರು ಎದ್ದು ಎರಡೂ ಕೈ ಬೀಸಿದರು. ನನ್ನನ್ನು ಕಂಡು ಎಷ್ಟು ಖುಷಿ ಎಂದುಕೊಂಡು ಇನ್ನೂ ಜೋರಾಗಿ ಓಡಿದೆ. ಅವರು ಬೀಸಿದ್ದು "ಬರಬೇಡ" ಎಂದು.

ಗಡ್ಡೆ ಒಡೆಯುವಾಗ ದೊಡ್ಡ ಸದ್ದಾಗುತ್ತದೆಂದು ಮೂರೂ ಪುಸ್ತಕದಲ್ಲಿತ್ತು. ನನ್ನದು ನೆನೆದ ರಟ್ಟಿನಂತೆ ಸದ್ದಿಲ್ಲದೆ ಕುಸಿಯಿತು. ನೀರಿಗಿಳಿದ ಮೇಲೆ ಚಳಿಯೇನು ಮಳೆಯೇನು ಎಂಬ ಗಾದೆ ಮಾಡಿದವನು ಫೆಬ್ರವರಿಯಲ್ಲಿ ನೀರಿಗಿಳಿದವನಲ್ಲ. ಉಸಿರು ಒಳಗೆ ಹೋಯಿತು, ಹೊರಗೆ ಬರಲಿಲ್ಲ. ಹಿಡಿದ ಅಂಚೆಲ್ಲ ಕೈಯಲ್ಲಿ ಮುರಿದು ಬಂತು. ಕೆಳಗೆ ಹರಿವು ನನ್ನ ಕಾಲುಗಳನ್ನು ಸೇತುವೆಯತ್ತ ಎಳೆಯುತ್ತಿತ್ತು.

ಹಿಲ್ಕಾ ಬಂದರು. ಹಾರೆಯಿಂದ ಕುಟ್ಟುತ್ತಾ ಬಂದರು, ಆಮೇಲೆ ಮಂಡಿಯೂರಿ, ಆಮೇಲೆ ಹೊಟ್ಟೆಯ ಮೇಲೆ ತೆವಳಿ. ಹತ್ತು ಮಾರು ದೂರದಲ್ಲೇ ಮಲಗಿ ಕೂಗಿದರು.

"ಮೊಳೆಹಿಡಿ! ಮೊಳೆಹಿಡಿ ತೆಗೀರಿ!"

ಮೊಳೆಹಿಡಿ ನನ್ನ ಬಳಿ ಇತ್ತು. ಎದೆಯ ಜೇಬಿನಲ್ಲಿ, ಅಂಗಡಿಯ ಗಟ್ಟಿ ಪ್ಲಾಸ್ಟಿಕ್ ಡಬ್ಬದೊಳಗೆ, ಸುತ್ತ ಅಂಟು ಹಾಕಿ ಮುಚ್ಚಿದ್ದು.

"ಪ್ಯಾಕೆಟ್ಟಲ್ಲಿದೆ!" ಎಂದೆ.

"ಬಿಚ್ಚಿ!"

"ಕತ್ತರಿ ಬೇಕು!"

ಒಂದು ಕ್ಷಣ ಅವರು ನನ್ನ ಮುಖವನ್ನೇ ನೋಡಿದರು. ಆ ಕ್ಷಣದಲ್ಲಿ ಹಳೇ ಗಾಳ ಸತ್ತ. ಆಮೇಲೆ ಅವರು ಕೊರಳಿಂದ ತಮ್ಮದನ್ನು ತೆಗೆದು ಗಡ್ಡೆಯ ಮೇಲೆ ನನ್ನತ್ತ ಜಾರಿಸಿದರು, ಹಿಂದೆಯೇ ಹಗ್ಗ ಎಸೆದರು.

"ಚುಚ್ಚು! ಕಾಲು ಒದಿ ಐಮೊ, ಒದಿ! ಈಜೋ ಥರ! ನೀನೇ ಬರ್ದಿದೀಯಲ್ಲ, ಒದಿ!"

ಅದುವರೆಗೆ ಬಹುವಚನದಲ್ಲಿದ್ದ ಅವರು ನನಗೆ ಏಕವಚನ ಹಚ್ಚಿದ್ದು ಅಲ್ಲೇ ಮೊದಲು. ಸಾಯುವಾಗಲೂ ಅದನ್ನು ಗಮನಿಸಿದೆ. ಚುಚ್ಚಿದೆ, ಒದ್ದೆ, ನೀರುನಾಯಿಯಂತೆ ಹೊಟ್ಟೆಯ ಮೇಲೆ ಮೇಲಕ್ಕೆ ಬಂದೆ. ಅವರು ಎಳೆದರು. ನಿಲ್ಲಲು ಹೋದಾಗ "ಉರುಳು! ಎದ್ದು ನಿಲ್ಬೇಡ, ಉರುಳು!" ಎಂದು ಗದರಿದರು. ಅದೂ ನಾನೇ ಬರೆದದ್ದು. ದಡದವರೆಗೂ ನನ್ನದೇ ಬರಹ ಅವರ ಬಾಯಿಂದ ಕೇಳುತ್ತಾ ಉರುಳಿದೆ.

ಅವರ ಕಾರಿನಲ್ಲಿ ಒಣ ಬಟ್ಟೆ ಎಂದರೆ ಚರ್ಚಿನ ಗಾಯಕರು ತೊಡುವ ಕಡುಕೆಂಪು ನಿಲುವಂಗಿ ಒಂದೇ. ಅದನ್ನು ಸುತ್ತಿಕೊಂಡು ಹಲ್ಲು ಕಟಕಟ ಅನ್ನಿಸುತ್ತಾ ಕೂತೆ. ಅವರು ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿದರು.

"ನೀವು... ಸೇತುವೆ ಹತ್ರ ಹೋಗ್ಲೇ ಇಲ್ವಾ?"

"ಹೊರಟಿದ್ದೆ. ಐದೈದು ಹೆಜ್ಜೆಗೆ ಕುಟ್ಟಿದೆ. ನಲವತ್ತನೇ ಹೆಜ್ಜೇಲಿ ಒಂದೇ ಏಟಿಗೆ ನೀರು ಬಂತು. ವಾದ ಮಾಡ್ದೆ ವಾಪಸ್ ಬಂದು ಕೊಲ್ಲೀಲಿ ಕೂತೆ. ಮೂರು ಸಿಕ್ಕಿವೆ." ಮೂರು ಅಹ್ವೆನ್ ತೋರಿಸಿದರು, ಅಂಗೈಯಷ್ಟು. ಆಮೇಲೆ ಮೆಲ್ಲಗೆ ಕೇಳಿದರು: "ಐಮೊ, ನೀನು ಯಾವತ್ತಾದ್ರೂ ಮೀನು ಹಿಡ್ದಿದೀಯಾ?"

"ಇಲ್ಲ."

"ಒಂದೂ?"

"ಒಂದೂ ಇಲ್ಲ. ಬೆನ್ನೂ ಹಿಡ್ಕೊಂಡಿರ್ಲಿಲ್ಲ."

ಅವರು ನಗುತ್ತಾರೆಂದುಕೊಂಡೆ. ನಗಲಿಲ್ಲ. "ನೀನು ಸತ್ತಿದ್ರೆ ನಾನೇ ಆರ್ಗನ್ ನುಡಿಸ್ಬೇಕಿತ್ತು" ಎಂದರು. ನನಗೆ ಅಳು ಬಂತು. ಚಳಿಗೆ ಎಂದು ಹೇಳಿದೆ. ಅಷ್ಟರಲ್ಲಿ ಇನ್ನೊಂದು ಕಾರು ಬಂದು ನಿಂತು ಕಲೆರ್ವೊ ಇಳಿದ, ಹಿಂದೆ ಇನ್ನಿಬ್ಬರು. ಮುದುಕ ಕೆಂಪು ನಿಲುವಂಗಿಯಲ್ಲಿದ್ದ ನನ್ನನ್ನು ನೋಡಿದ, ಸೇತುವೆಯ ಕೆಳಗಿನ ಕಪ್ಪು ತೂತನ್ನು ನೋಡಿದ. ಕಾರು ಹತ್ತಿ ವಾಪಸು ಹೋದ.

ಮಂಗಳವಾರದ ಪತ್ರಿಕೆಯಲ್ಲಿ ಮೊದಲ ಪುಟದಲ್ಲೇ ತಪ್ಪೊಪ್ಪಿಗೆ ಬರೆದೆ. ನನ್ನ ಹೆಸರು ಹಾಕಿ, ಮುಚ್ಚುಮರೆ ಇಲ್ಲದೆ: "ಲೆಹ್ಮಿಸಲ್ಮಿಯಲ್ಲಿ ಮೀನಿಲ್ಲ. ಗಡ್ಡೆ ತೆಳುವಾಗಿದೆ. ನಾನು ಅಲ್ಲಿ ಬಿದ್ದೆ. ನನಗೆ ಮೀನು ಹಿಡಿಯಲು ಬರುವುದಿಲ್ಲ. ದಯವಿಟ್ಟು ಯಾರೂ ಹೋಗಬೇಡಿ." ಬರೆದು ಮುಗಿಸಿದಾಗ ಮನಸ್ಸು ತೊಳೆದಿಟ್ಟಂತಾಯಿತು. ನಿಜ ಹೇಳಿದರೆ ಜನ ನಂಬುತ್ತಾರೆಂಬ ನಂಬಿಕೆ ಆಗಲೂ ನನ್ನಲ್ಲಿ ಉಳಿದಿತ್ತು ನೋಡಿ.

ಅಂಗಡಿಯಲ್ಲಿ ನಡೆದ ಚರ್ಚೆಯನ್ನು ಪಿರ್ಯೊ ಕೇಳಿಸಿಕೊಂಡು ಬಂದು ನನಗೆ ಒಪ್ಪಿಸಿದಳು.

"ಐಮೊ ಅರ್ಧ ಕಾಫಿ ಬಿಟ್ಟು ಓಡಿದ್ನಂತೆ. ಕಾಫಿ ಬಿಟ್ಟು ಯಾವನಾದ್ರೂ ಸುಮ್ನೆ ಓಡ್ತಾನಾ ಅಂತಾರೆ. ಹಿಲ್ಕಾ ಅಲ್ಲಿ ಮೂರು ಮೀನು ಹಿಡ್ದಿದ್ದು ಗಾಯಕರಿಗೆಲ್ಲ ಗೊತ್ತು, ಅವ್ಳಿಗೆ ಸುಳ್ಳು ಹೇಳೋಕೆ ಬರಲ್ಲ. ಈಗ ನೀನು ದೊಡ್ಡಕ್ಷರದಲ್ಲಿ ಬರಬೇಡಿ ಅಂತಿದೀಯ. ಒಟ್ಟಿನಲ್ಲಿ ಏನು ತೀರ್ಮಾನ ಗೊತ್ತಾ? ಕಲೆರ್ವೊ ನಲವತ್ತು ವರ್ಷದಿಂದ ನಿಜಾನೇ ಹೇಳ್ತಿದ್ದ, ನಾವು ಸುಳ್ಳು ಅಂದ್ಕೋತೀವಿ ಅಂತ ಗೊತ್ತಿದ್ದೇ ಹೇಳ್ತಿದ್ದ!"

"ಆದ್ರೆ ನಾನು ಬಿದ್ದಿದ್ದು? ತೂತು ಇನ್ನೂ ಇದೆ ಅಲ್ಲಿ!"

"ನಿನ್ನಂಥೋನು ರಸ್ತೇಲೂ ಬೀಳ್ತಾನೆ ಅಂತಾರೆ."

ಮುಂದಿನ ಭಾನುವಾರ ನಾನೂ ಹಿಲ್ಕಾನೂ ಸ್ಪ್ರೂಸ್ ಮರದ ಕೊಂಬೆ ಕಡಿದುಕೊಂಡು ಲೆಹ್ಮಿಸಲ್ಮಿಗೆ ಹೋದೆವು. ಗಡ್ಡೆ ಕೆಟ್ಟ ಕಡೆ ಕೊಂಬೆ ನೆಡುವುದು ಇಲ್ಲಿನ ಪದ್ಧತಿ. ಆಗಲೇ ಆರು ಜನ ಅಲ್ಲಿದ್ದರು. ನಮ್ಮ ಕೊಂಬೆಗಳ ಸಾಲನ್ನು ನೋಡಿ ಕಣ್ಣು ಮಿಟುಕಿಸಿದರು. ಅದರಾಚೆಗೆ ಎರಡು ಹೆಜ್ಜೆ ಇಟ್ಟು ಒಬ್ಬ ಬೈರಿಗೆ ತಿರುಗಿಸತೊಡಗಿದ.

"ಅಯ್ಯಾ, ಸಾಯ್ತೀರಾ!" ಎಂದು ನಾನು ಕೂಗಿದೆ.

"ಜಾಗ ನಿನ್ನಪ್ಪಂದಾ? ಹೋಗ್ ಹೋಗು, ಬೇರೆ ಕಡೆ ಬರ್ಕೋ," ಎಂದ ಅವನು.

ಮಾರ್ಚ್ ಬಂದಿತ್ತು. ಬಿಸಿಲು ಏರುತ್ತಿತ್ತು, ದಿನದಿನಕ್ಕೂ ಗಡ್ಡೆ ಸವೆಯುತ್ತಿತ್ತು. ಆರು ಜನ ಮುಂದಿನ ವಾರ ಹನ್ನೆರಡಾಗುತ್ತಾರೆ, ಅದರಲ್ಲಿ ಹಾರೆ ಹಿಡಿಯಲು ಬಾರದ ಹೊಸಬರೂ ಇರುತ್ತಾರೆ. ನನ್ನ ಬರಹ ಓದಿದ ಹೊಸಬರು. ಆ ವಾರವೆಲ್ಲ ನನಗೆ ಊಟ ಸೇರಲಿಲ್ಲ. ಸತ್ತವರ ಸುದ್ದಿ ಬರೆಯುವವನು ನಾನೇ ತಾನೆ. ಯಾರ ಹೆಸರು ಬರೆಯಬೇಕಾಗುತ್ತದೋ ಎಂದು ಪೆನ್ನು ಮುಟ್ಟಲು ಹೆದರಿದೆ.

ಶನಿವಾರ ಕಲೆರ್ವೊ ಕಚೇರಿಗೆ ಬಂದ. ಟೋಪಿ ಕೈಯಲ್ಲಿ ಹಿಡಿದಿದ್ದ. ಮುದುಕ ಕಾಫಿ ಅಂಗಡಿಯಾಚೆ ಮಾತಾಡಿದ್ದನ್ನು ನಾನು ಕಂಡಿರಲಿಲ್ಲ.

"ಮಾತಾಡಿದ್ದು ನಾನು. ಬಿದ್ದಿದ್ದು ನೀನು. ನಾಳೆ ಬೀಳೋನು ಯಾರೋ," ಎಂದ.

"ನಿಮ್ಮ ನಿಜವಾದ ಜಾಗ ಹೇಳಿಬಿಡಿ. ಛಾಪಿಸ್ತೀನಿ. ಎಲ್ಲರೂ ಅಲ್ಲಿಗೆ ಹೋಗ್ತಾರೆ."

"ಹೇಳೋದಾ?" ಮುದುಕ ಬೇಸರದಲ್ಲಿ ನಕ್ಕ. "ನಾನು ಹೇಳಿದ್ದನ್ನ ಯಾವನು ನಂಬ್ತಾನೆ? ನೀನು ಬರೆದಿದ್ದನ್ನ ಯಾವನು ನಂಬ್ತಾನೆ? ಒಬ್ಬ ಸುಳ್ಳ, ಒಬ್ಬ ದಡ್ಡ. ಇಬ್ರೂ ಸೇರಿ ನಿಜ ಹೇಳಿದ್ರೆ ಆಗಿಹೋಯ್ತು, ಆ ಕಡೆ ತಲೆ ಹಾಕಿ ಮಲಗಲ್ಲ ಯಾರೂ."

ಕಿಟಕಿಯ ಹತ್ತಿರ ಹೋಗಿ ಸರೋವರ ನೋಡಿದ. ಆಮೇಲೆ ಕೇಳಿದ: "ಆ ಆರ್ಗನ್ ಹೆಂಗಸು ಸುತ್ತಿದ್ಲಲ್ಲ ನಿಂಗೆ, ಆ ಕೆಂಪು ನಿಲುವಂಗಿ. ಒಂದು ದಿನಕ್ಕೆ ಸಿಗ್ತದಾ?"

ಭಾನುವಾರ ಮಧ್ಯಾಹ್ನ ಲೆಹ್ಮಿಸಲ್ಮಿಯಲ್ಲಿ ಹದಿಮೂರು ಜನ ಇದ್ದರು. ನಾನೂ ಹಿಲ್ಕಾನೂ ಕೊಂಬೆ ಸಾಲಿನ ಈಚೆ ನಿಂತು ಗಂಟಲು ಹರಿದುಕೊಳ್ಳುತ್ತಿದ್ದೆವು. ಆಗ ಕಲೆರ್ವೊ ಬಂದ. ಚಳಿಗಾಲವೆಲ್ಲ ಬಿಳಿಯಲ್ಲಿ ಕರಗಿಹೋಗುತ್ತಿದ್ದ ಮುದುಕ ಗಾಯಕರ ಕಡುಕೆಂಪು ನಿಲುವಂಗಿಯನ್ನು ಮೇಲಂಗಿಯ ಮೇಲೆ ಏರಿಸಿಕೊಂಡು, ಹಿಮದ ಮೇಲೆ ಜಾರುವ ಸ್ಲೆಡ್ಜ್ ಬಂಡಿ ಎಳೆಯುತ್ತಾ, ಎಲ್ಲರ ಕಣ್ಣೆದುರೇ ಕೊಲ್ಲಿಯ ನಡುವೆ ನಡೆದ. ನಮ್ಮತ್ತ ತಿರುಗಿಯೂ ನೋಡಲಿಲ್ಲ. ಕುಕ್ಕೊ ದ್ವೀಪದ ಬಂಡೆಯ ಕೆಳಗೆ, ಊರವರು ನೂರು ಸಲ ದಾಟಿಹೋದ ಜಾಗದಲ್ಲಿ, ಸ್ಲೆಡ್ಜ್ ನಿಲ್ಲಿಸಿದ. ಕೊರೆದ. ಕೂತ.

ಎರಡು ನಿಮಿಷಕ್ಕೆ ಮೊದಲ ಮೀನು ಬಂತು. ಅವನು ಎದ್ದು ನಿಂತು ಅದನ್ನು ತಲೆಯ ಮೇಲೆ ಎತ್ತಿ ಹಿಡಿದ. ಬಿಸಿಲಿಗೆ ಅದು ಮಿನುಗಿತು. ಆಮೇಲೆ ಇನ್ನೊಂದು. ಇನ್ನೊಂದು. ಪ್ರತಿಯೊಂದನ್ನೂ ಎತ್ತಿ ತೋರಿಸಿದ. ನಲವತ್ತು ವರ್ಷ ಮೀನನ್ನು ಬಗಲಲ್ಲಿ ಮುಚ್ಚಿಕೊಂಡು ಮನೆಗೆ ಹೋದವನಿಗೆ ಅದು ಬೀದಿಯಲ್ಲಿ ಬಟ್ಟೆ ಬಿಚ್ಚಿದಷ್ಟೇ ಕಷ್ಟವಾಗಿರಬೇಕು. ಲೆಹ್ಮಿಸಲ್ಮಿಯಲ್ಲಿ ಬೈರಿಗೆಗಳು ನಿಂತವು. ಮೊದಲು ಒಬ್ಬ ಪೀಠ ಮಡಿಚಿದ. ಆಮೇಲೆ ಇಬ್ಬರು. ಆಮೇಲೆ ಎಲ್ಲರೂ, ನಡೆದಂತೆ ನಟಿಸುತ್ತಾ ಓಡಿದರು.

ಮೂರು ಗಂಟೆಯ ಹೊತ್ತಿಗೆ ಕುಕ್ಕೊ ದ್ವೀಪದ ಕೆಳಗೆ ಐವತ್ತು ತೂತುಗಳಿದ್ದವು. ಹಿಲ್ಕಾ ನನಗೂ ಒಂದು ಕೊರೆಯಲು ಕಲಿಸಿದರು. ಅಲಗು ಕೊರೆಯಲಿಲ್ಲ, ಬಿದ್ದ ದಿನದ ಒದ್ದೆ ಉಡುಪಿನ ಕೆಳಗೆ ಕಾರಿನಲ್ಲೇ ಉಳಿದು ಹೆಪ್ಪುಗಟ್ಟಿತ್ತು. ಅವರು ತಮ್ಮದನ್ನು ಕೊಟ್ಟರು. ಅವತ್ತು ನನ್ನ ಜೀವನದ ಮೊದಲ ಮೀನು ಬಂತು. ಬೆರಳುದ್ದದ ಕೀಸ್ಕಿ, ಲೋಳೆ ಮತ್ತು ಮುಳ್ಳು ಬಿಟ್ಟರೆ ಇನ್ನೇನೂ ಇಲ್ಲದ್ದು, ಬೆಕ್ಕೂ ಮೂಸದ್ದು. ನಾನು ಅದನ್ನು ತಲೆಯ ಮೇಲೆ ಎತ್ತಿ ಹಿಡಿದೆ. ಯಾರೂ ನನ್ನ ತೂತಿನ ಕಡೆಗೆ ಓಡಿ ಬರಲಿಲ್ಲ.

ಕಲೆರ್ವೊ ಸಾಮಾನು ಕಟ್ಟುತ್ತಿದ್ದ. ನಿಲುವಂಗಿ ಮಡಿಚಿ ಹಿಲ್ಕಾಗೆ ಕೊಟ್ಟ.

"ಮುಗೀತು ಇದು. ಇಷ್ಟು ಕುಟ್ಟಿದ ಮೇಲೆ ದೊಡ್ಡ ಮೀನು ಇಲ್ಲಿ ನಿಲ್ಲಲ್ಲ," ಎಂದ.

"ಇನ್ನೊಂದು ಜಾಗ ಹುಡುಕಿದ್ರಾಯ್ತು" ಎಂದೆ. ನನ್ನ ಬಾಯಿ ಯಾವಾಗಲೂ ಹೀಗೆ.

"ಇದನ್ನ ಹುಡುಕೋಕೆ ಇಪ್ಪತ್ತು ವರ್ಷ ಬೇಕಾಯ್ತು ಕಣಯ್ಯ. ನನ್ಹತ್ರ ಇನ್ನು ಇಪ್ಪತ್ತು ವರ್ಷ ಎಲ್ಲಿದೆ?"

ನಾನು ಬರೆದ ಒಂದು ಸಾಲಿಗೆ ಮುದುಕ ತನ್ನ ಇಪ್ಪತ್ತು ವರ್ಷ ಕೊಟ್ಟಿದ್ದ. ಹಿಲ್ಕಾ ಬೈರಿಗೆಯ ಅಲಗನ್ನು ಒರೆಸುತ್ತಿದ್ದರು, ನಿಧಾನವಾಗಿ, ಒಳಗೂ ಹೊರಗೂ.

"ನಾವು ಮೂರು ಜನ ಇದೀವಿ," ಎಂದರು. "ಮೂರು ಜನ ಕೊರೆದ್ರೆ ಏಳು ವರ್ಷ ಸಾಕು."

ಈಗ ಎರಡು ವರ್ಷ ಆಗಿದೆ. ಪ್ರತಿ ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಕಲೆರ್ವೊನನ್ನು ಸ್ಲೆಡ್ಜಿನ ಮೇಲೆ ಕೂರಿಸಿಕೊಂಡು ನಾನು ಎಳೆಯುತ್ತೇನೆ, ಹಿಲ್ಕಾ ಮುಂದೆ ಹಾರೆಯಿಂದ ಕುಟ್ಟುತ್ತಾ ಹೋಗುತ್ತಾರೆ. ಮುದುಕ ಕೋಲಿನಿಂದ ತೋರಿಸಿದ ಕಡೆ ಕೊರೆಯುತ್ತೇವೆ. "ಇಲ್ಲಿ ಅಲ್ಲ. ಮುಂದಕ್ಕೆ. ಎಳಿಯೋ, ನಿದ್ದೆ ಮಾಡ್ಬೇಡ!" ಎನ್ನುತ್ತಾನೆ. ಬರಹ ಬಿಟ್ಟಿದ್ದೇನೆ, ಈಗ ಆ ಅಂಕಣವನ್ನು ಹಿಲ್ಕಾ ಬರೆಯುತ್ತಾರೆ, ಅವರ ಹೆಸರಿನಲ್ಲೇ, ಜಾಗದ ಮಾತೆತ್ತದೆ. ಮೊಳೆಹಿಡಿಗಳು ನನ್ನ ಕೊರಳಲ್ಲಿವೆ. ಸೌನಾದ ಹಬೆಸ್ನಾನಕ್ಕೆ ಹೋಗುವಾಗ ಮಾತ್ರ ತೆಗೆಯುತ್ತೇನೆ.

ಇಲ್ಲಿವರೆಗೆ ಒಂಬೈನೂರು ಚಿಲ್ಲರೆ ತೂತು ಕೊರೆದಿದ್ದೇವೆ. ಕಾಫಿ ಅಂಗಡಿಯಲ್ಲಿ ಎಲ್ಲರೂ ಕೇಳುತ್ತಾರೆ: ಎಲ್ಲಿ, ಹೊಸ ಜಾಗ ಎಲ್ಲಿ? "ಇನ್ನೂ ಸಿಕ್ಕಿಲ್ಲ, ಹುಡುಕ್ತಾ ಇದೀವಿ" ಎನ್ನುತ್ತೇವೆ ಮೂವರೂ. ಅವರು ಕಪ್ಪಿನೊಳಗೆ ನೋಡಿಕೊಂಡು ಮುಸಿಮುಸಿ ನಗುತ್ತಾರೆ. ಕಲೆರ್ವೊ ಸಕ್ಕರೆ ಕರಗುವವರೆಗೆ ಕಲಕುತ್ತಾನೆ. ಈ ಸಲ ಅವನು ಹೇಳುತ್ತಿರುವುದು ನಿಜ. ಈ ಚಳಿಗಾಲ ಅವನಿಗೆ ಎಂಬತ್ತೊಂದು.